ಅಬ್ಲೇಶನ್ ಆಗಿ ಐದು ವಾರ: ವಾಚ್ ಕಟ್ಟಿಕೊಂಡೇ ಇರಬೇಕೆ, ತೆಗೆದಿಡಬೇಕೆ?

ಪ್ರಶ್ನೆ: ನನಗೆ 58 ವರ್ಷ. ಬಿಪಿ, ಶುಗರ್ ಎರಡಕ್ಕೂ ಮಾತ್ರೆ ನಡೆಯುತ್ತಿದೆ. ಬಂದು ಬಂದು ಹೋಗುತ್ತಿದ್ದ ಏಟ್ರಿಯಲ್ ಫಿಬ್ರಿಲೇಶನ್‌ಗೆ (ಎಎಫ್, ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಮಿಡಿಯುವ ತೊಂದರೆ) ಐದು ವಾರದ ಹಿಂದೆ ಅಬ್ಲೇಶನ್ ಮಾಡಿಸಿಕೊಂಡೆ. ಎದೆ ಡವಡವ ಈಗಿಲ್ಲ. ಆದರೂ ದಿನಕ್ಕೆ ಹದಿನೈದು, ಇಪ್ಪತ್ತು ಸಲ ವಾಚ್‌ನಲ್ಲಿ ಇಸಿಜಿ ತೆಗೆದು ನೋಡುತ್ತೇನೆ. ಹೋದ ವಾರ ರಾತ್ರಿ ಊಟವಾದ ಮೇಲೆ ಸುಮಾರು 40 ನಿಮಿಷ ಎಎಫ್ ಎಂದು ತೋರಿಸಿ ತಾನಾಗಿ ಸರಿಹೋಯಿತು. ಮೊದಲು 64 ಇರುತ್ತಿದ್ದ ಬಡಿತ ಈಗ ಸುಮ್ಮನೆ ಕೂತಾಗಲೂ 80ರ ಆಸುಪಾಸು. ಬಿಪಿ ಮೆಷಿನ್ ಕೂಡ ಆಗಾಗ ಹೃದಯದ ಗುರುತು ಮಿನುಗಿಸುತ್ತದೆ. ಅಮೆರಿಕದಲ್ಲಿರುವ ಮಗ ವಾಚ್ ತೆಗೆಯಲೇಬೇಡಿ ಅನ್ನುತ್ತಾನೆ, ಮನೆಯವರು ಅದನ್ನು ಬೀರುವಿನಲ್ಲಿಡಿ ಅನ್ನುತ್ತಾರೆ. ಅಬ್ಲೇಶನ್ ಫೇಲ್ ಆಯಿತೇ? ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿರುವ ಎಪಿಕ್ಸಬಾನ್ ಮಾತ್ರೆ ಯಾವಾಗ ನಿಲ್ಲಿಸಬಹುದು?

ಉತ್ತರ: ಐದನೇ ವಾರದಲ್ಲಿ 40 ನಿಮಿಷ ಎಎಫ್ ಬಂದು ಹೋಯಿತೆಂದರೆ ಅಬ್ಲೇಶನ್ ಫೇಲ್ ಆಯಿತು ಎಂದು ಯಾವ ವೈದ್ಯರೂ ಹೇಳುವುದಿಲ್ಲ. ವಾಚ್ ಬೀರುವಿಗೆ ಹೋಗಬೇಕಿಲ್ಲ. ಆದರೆ ದಿನಕ್ಕೆ ಇಪ್ಪತ್ತು ಸಲ ನೋಡುವುದು ಇವತ್ತೇ ನಿಲ್ಲಲಿ. ಎಪಿಕ್ಸಬಾನ್ ಅನ್ನು ಈಗಂತೂ ಒಂದು ಹೊತ್ತೂ ಬಿಡಬೇಡಿ. ಮೂರಕ್ಕೂ ಕಾರಣ ಇದೆ, ಒಂದೊಂದಾಗಿ ಹೇಳುತ್ತೇನೆ.

ಎಎಫ್‌ನ ಕಿಡಿ ಹೆಚ್ಚಿನವರಲ್ಲಿ ಹುಟ್ಟುವುದು ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ (ಹೃದಯದ ಎಡ ಮೇಲಿನ ಕೋಣೆ) ರಕ್ತ ತರುವ ಅಭಿಧಮನಿಗಳ ಬಾಯಲ್ಲಿ. ಇದನ್ನು 1998ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಹೈಸಗೇರ್ ತಂಡ 45 ರೋಗಿಗಳಲ್ಲಿ ತೋರಿಸಿಕೊಟ್ಟಿತು. ಇವತ್ತಿನ ಅಬ್ಲೇಶನ್ ನಿಂತಿರುವುದೇ ಆ ಕೆಲಸದ ಮೇಲೆ: ಸಾಮಾನ್ಯವಾಗಿ ನಾಲ್ಕಿರುವ ಆ ರಕ್ತನಾಳಗಳ ಬಾಯಿಯ ಸುತ್ತ ಶಾಖದಿಂದಲೋ, ಶೀತದಿಂದಲೋ, ವಿದ್ಯುತ್ ಮಿಡಿತಗಳಿಂದಲೋ ಬಳೆಯಂತೆ ಗಾಯ ಮಾಡುತ್ತಾರೆ. ಗಾಯ ಒಣಗಿ ಕಲೆಯಾದ ಮೇಲೆ ಆ ಕಡೆಯ ಕಿಡಿ ಈ ಕಡೆ ದಾಟದು. ಕಲೆಯಾಗಲು ಸಮಯ ಬೇಕು. ಕೈಮೇಲೆ ಬಿಸಿ ಎಣ್ಣೆ ಸಿಡಿದ ಜಾಗ ಮೊದಲು ಊದಿಕೊಂಡು ಕೆಂಪಾಗಿ ಉರಿಯುತ್ತದಲ್ಲ, ಒಳಗೂ ಅದೇ ನಡೆಯುತ್ತಿರುತ್ತದೆ. ಊದಿಕೊಂಡ ಅಂಗಾಂಶ ತಾನೇ ಕಿರಿಕಿರಿಗೊಂಡು ಹೆಚ್ಚುವರಿ ಬಡಿತ, ಚಿಕ್ಕ ಚಿಕ್ಕ ಎಎಫ್ ಎರಡನ್ನೂ ಎಬ್ಬಿಸುತ್ತದೆ. ಸುಮಾರು ಅರ್ಧದಷ್ಟು ಜನರಲ್ಲಿ ಹೀಗಾಗುವುದರಿಂದ ಮೊದಲ ಕೆಲವು ವಾರಗಳ ಎಎಫ್ ಅನ್ನು ಫಲಿತಾಂಶದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ರಿಯಾಯಿತಿ ಅವಧಿ ಮೊದಲು ಮೂರು ತಿಂಗಳಿತ್ತು. 2024ರಲ್ಲಿ ಅಂತರರಾಷ್ಟ್ರೀಯ ತಜ್ಞ ಸಂಘಗಳು ಸೇರಿ ಅದನ್ನು ಎಂಟು ವಾರಕ್ಕೆ ಇಳಿಸಿದವು. ಅದಕ್ಕೂ ಒಂದು ಕಾರಣವಿತ್ತು. ಎರಡನೇ ವಾರದಲ್ಲಿ ಬಂದ ಎಎಫ್‌ಗಿಂತ ಮೂರನೇ ತಿಂಗಳಲ್ಲಿ ಬಂದದ್ದು ಮುಂದೆಯೂ ಬರುವ ಸಂಭವ ಹೆಚ್ಚು. ನೀವು ಐದನೇ ವಾರದಲ್ಲಿದ್ದೀರಿ. ಆ 40 ನಿಮಿಷವನ್ನು ಬರೆದಿಟ್ಟುಕೊಳ್ಳಿ, ತೀರ್ಪು ಕೊಡಬೇಡಿ.

ಬಡಿತ 64ರಿಂದ 80ಕ್ಕೆ ಏರಿದ್ದು ಬಹುಪಾಲು ಅಬ್ಲೇಶನ್ನಿನದೇ ಪರಿಣಾಮ. ಹೃದಯದ ವೇಗಕ್ಕೆ ಕಡಿವಾಣ ಹಾಕುವ ವೇಗಸ್ ನರದ ಗಂಟುಗಳು ಅದೇ ರಕ್ತನಾಳಗಳ ಬುಡದಲ್ಲಿರುತ್ತವೆ, ಶಾಖ ಅಥವಾ ಶೀತ ತಾಗಿ ಅವೂ ಸ್ವಲ್ಪ ಮಂಕಾಗುತ್ತವೆ. ವಿಶ್ರಾಂತಿಯ ಬಡಿತ ನಿಮಿಷಕ್ಕೆ 10ರಿಂದ 15 ಏರಿ ಕೆಲವು ತಿಂಗಳು, ಕೆಲವರಲ್ಲಿ ವರ್ಷವಿಡೀ ಹಾಗೇ ಇರುವುದು ಸಾಮಾನ್ಯ. ವಿದ್ಯುತ್ ಮಿಡಿತದ ವಿಧಾನದಲ್ಲಿ ಏರಿಕೆ ಕಡಿಮೆ. ಮೊದಲು ತೆಗೆದುಕೊಳ್ಳುತ್ತಿದ್ದ, ಬಡಿತ ತಗ್ಗಿಸುವ ಮೆಟೊಪ್ರೊಲಾಲ್‌ನಂಥ ಮಾತ್ರೆಯನ್ನು ಕಡಿಮೆ ಮಾಡಿದ್ದರೆ ಅದೂ ಸೇರಿಕೊಳ್ಳುತ್ತದೆ. ಸುಸ್ತು, ತೂಕ ಇಳಿಕೆ, ಕೈ ನಡುಕ ಜೊತೆಗಿದ್ದರೆ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಲಯ ಕಾಪಾಡುವ ಅಮಿಯೊಡರೋನ್ ಮಾತ್ರೆ ನುಂಗುತ್ತಿರುವವರಿಗೆ ಥೈರಾಯ್ಡ್ ಪರೀಕ್ಷೆ ಹೇಗಿದ್ದರೂ ಬೇಕು.

ಇನ್ನು ಈ ಐದಾರು ವಾರಗಳಲ್ಲಿ ನಿಜಕ್ಕೂ ಭಯಪಡಬೇಕಾದ ವಿಷಯ. ಇವುಗಳಲ್ಲಿ ಹೆಚ್ಚಿನವು ವಾಚ್‌ನಲ್ಲಿ ಕಾಣುವುದೇ ಇಲ್ಲ, ದಿನಕ್ಕೆ ಇಪ್ಪತ್ತು ಇಸಿಜಿ ತೆಗೆಯುವವರೂ ಇವನ್ನು ಗಮನಿಸದೇ ಹೋಗುವುದು ಹಾಗೆಯೇ.

ಎಡ ಹೃತ್ಕರ್ಣದ ಬೆನ್ನಿಗೇ ಅನ್ನನಾಳ ಅಂಟಿಕೊಂಡಂತೆ ಇಳಿಯುತ್ತದೆ. ಶಾಖ ಅಲ್ಲಿಗೂ ತಾಗಿದ್ದರೆ ಒಂದರಿಂದ ಎಂಟು ವಾರದ ಒಳಗೆ ಎರಡರ ನಡುವೆ ತೂತು ಬೀಳಬಹುದು. ಸಾವಿರಾರು ಜನರಲ್ಲಿ ಒಬ್ಬರಿಗೆ ಆಗುವಷ್ಟು ಅಪರೂಪ. ವಿದ್ಯುತ್ ಮಿಡಿತದ ವಿಧಾನದಲ್ಲಿ 17,000ಕ್ಕೂ ಹೆಚ್ಚು ರೋಗಿಗಳ ದಾಖಲೆ ಒಟ್ಟುಗೂಡಿಸಿದಾಗ ಒಂದೂ ಸಿಗಲಿಲ್ಲ. ಆದರೆ ಆದವರಲ್ಲಿ ಜೀವ ಉಳಿಯುವುದು ಕಷ್ಟ, ಅದರಲ್ಲೂ ತಡವಾಗಿ ಪತ್ತೆಯಾದರೆ. ಲಕ್ಷಣಗಳು ಜ್ವರ, ಚಳಿ, ನುಂಗುವಾಗ ನೋವು, ಎದೆನೋವು, ರಕ್ತ ವಾಂತಿ, ಲಕ್ವದಂಥ ಚಿಹ್ನೆ. ನಮ್ಮೂರುಗಳಲ್ಲಿ ಜ್ವರ ಬಂದರೆ ಹತ್ತಿರದ ಕ್ಲಿನಿಕ್ಕಿಗೆ ಹೋಗುತ್ತೇವೆ, ವೈರಲ್ ಎಂದೋ ಡೆಂಗಿ ಎಂದೋ ಡ್ರಿಪ್ ಹಾಕುತ್ತಾರೆ. ನುಂಗಲು ನೋವು ಅಂದರೆ ಗ್ಯಾಸ್ಟ್ರಿಕ್ ಎಂದು ಎಂಡೋಸ್ಕೋಪಿಗೆ ಬರೆಯುತ್ತಾರೆ. ಅಪಾಯ ಇರುವುದು ಅಲ್ಲೇ. ಎಂಡೋಸ್ಕೋಪಿಯಲ್ಲಿ ಊದುವ ಗಾಳಿ ಆ ತೂತಿನಿಂದ ಹೃದಯಕ್ಕೆ ನುಗ್ಗಿ ಮಿದುಳಿಗೆ ಹೋಗಬಲ್ಲದು. ಮಾಡಬೇಕಾದ್ದು ಎದೆಯ ಕಾಂಟ್ರಾಸ್ಟ್ ಸಿಟಿ ಸ್ಕ್ಯಾನ್. ಆದ್ದರಿಂದ ಮೊದಲ ಎರಡು ತಿಂಗಳಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟುವ ಜ್ವರ ಬಂದರೆ, ಎಲ್ಲಿಗೆ ಹೋದರೂ ಬಾಯಿಬಿಟ್ಟು ಹೇಳಬೇಕಾದ ಮಾತು ಇಷ್ಟು: ಇಂಥ ದಿನ ಹೃದಯದ ಅಬ್ಲೇಶನ್ ಆಗಿದೆ, ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದೆ, ಎಂಡೋಸ್ಕೋಪಿಗೆ ಮುಂಚೆ ಅಬ್ಲೇಶನ್ ಮಾಡಿದ ವೈದ್ಯರ ಜೊತೆ ಮಾತಾಡಿ. ಇದನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟರೆ ಇನ್ನೂ ಒಳ್ಳೆಯದು. ಜ್ವರ ನಿಜವಾಗಿ ಡೆಂಗಿಯೇ ಆದರೂ ಈ ಮಾಹಿತಿ ಬೇಕೇ ಬೇಕು, ಪ್ಲೇಟ್‌ಲೆಟ್ ಇಳಿಯುತ್ತಿರುವಾಗ ಎಪಿಕ್ಸಬಾನ್ ಹೇಗೆ ಮುಂದುವರಿಸಬೇಕು ಎಂದು ವೈದ್ಯರೇ ನಿರ್ಧರಿಸಬೇಕಾಗುತ್ತದೆ. ಹೊಟ್ಟೆಯ ಆಮ್ಲ ತಗ್ಗಿಸಲು ಕೊಟ್ಟ ಪ್ಯಾಂಟೊಪ್ರಜೋಲ್ ಅನ್ನು ಎಷ್ಟು ವಾರ ಬರೆದಿದ್ದಾರೋ ಅಷ್ಟೂ ವಾರ ಮುಗಿಸಿ, ಹೊಟ್ಟೆ ಚೆನ್ನಾಗಿದೆ ಎಂದು ನಡುವೆ ಬಿಡಬೇಡಿ.

ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು, ಇದ್ದಕ್ಕಿದ್ದಂತೆ ಒಂದು ಕಡೆಯ ದೃಷ್ಟಿ ಹೋಗುವುದು ಕಂಡರೆ ವಾಚ್ ನೋಡುತ್ತಾ ಕೂರದೆ 108ಕ್ಕೆ ಫೋನ್ ಮಾಡಿ. ರಕ್ತ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯ ಗಡುವಿದೆ. ಎಪಿಕ್ಸಬಾನ್ ಕೊನೆಯ ಮಾತ್ರೆ ಎಷ್ಟು ಗಂಟೆಗೆ ನುಂಗಿದಿರಿ ಎಂಬುದು ಅಲ್ಲಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು. ಹಾಗೆಯೇ ಮಲಗಿದರೆ ಹೆಚ್ಚಾಗುವ ಉಸಿರಾಟದ ತೊಂದರೆ, ಮೂರ್ಛೆ, ಕಫದಲ್ಲಿ ರಕ್ತ ಇವಕ್ಕೂ ಕಾಯಬಾರದು. ದೀರ್ಘ ಉಸಿರೆಳೆದಾಗ ಚುಚ್ಚುವ ಎದೆನೋವು ಮೊದಲ ವಾರ, ಹತ್ತು ದಿನ ಸಹಜ, ಹೃದಯದ ಹೊದಿಕೆ ಊದಿರುತ್ತದೆ. ಐದನೇ ವಾರದಲ್ಲಿ ಹೊಸದಾಗಿ ಶುರುವಾದರೆ ಸಹಜವಲ್ಲ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ, ಎಪಿಕ್ಸಬಾನ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು.

ಅಬ್ಲೇಶನ್ನಿನ ನಳಿಕೆ ತೂರಿಸಿದ ತೊಡೆಸಂದಿನ ಗಾಯದ ವಿಷಯ ನೀವು ಕೇಳಿಲ್ಲ, ಬಹುಶಃ ಮಾಗಿದೆ. ಈಗಷ್ಟೇ ಮಾಡಿಸಿಕೊಂಡ ಬೇರೆ ಓದುಗರಿಗೆ ಒಂದೆರಡು ಮಾತು. ಮೊದಲ ವಾರ ಐದು ಕಿಲೋಗಿಂತ ಭಾರ ಎತ್ತಬಾರದು, ಅಂದರೆ ನೀರಿನ ಕ್ಯಾನು, ಗ್ಯಾಸ್ ಸಿಲಿಂಡರು, ಅಕ್ಕಿ ಮೂಟೆ ಯಾವುದೂ ಇಲ್ಲ. ಭಾರತೀಯ ಶೈಲಿಯ ಶೌಚಾಲಯದಲ್ಲಿ ಕುಕ್ಕರಗಾಲಲ್ಲಿ ಕೂರುವುದು, ನೆಲಕ್ಕೆ ಚಕ್ಕಳಮಕ್ಕಳ ಹಾಕುವುದು, ಬೈಕ್ ಕಿಕ್ ಹೊಡೆಯುವುದು ಮೂರೂ ತೊಡೆಸಂದನ್ನು ಒತ್ತಿ ಬಗ್ಗಿಸುತ್ತವೆ. ಆ ವಾರಕ್ಕೆ ಕಮೋಡ್ ಇರುವ ಕಡೆ ಏರ್ಪಾಡು ಮಾಡಿಕೊಳ್ಳಿ, ಮಲಬದ್ಧತೆಯಾಗದಂತೆ ನೋಡಿಕೊಳ್ಳಿ. ರಕ್ತ ಬಂದರೆ ಮಲಗಿ, ಬೇರೆಯವರಿಂದ ಹತ್ತು ನಿಮಿಷ ಬಿಡದೆ ಒತ್ತಿಸಿ, ನಡುನಡುವೆ ಎತ್ತಿ ನೋಡಬೇಡಿ. ನಿಲ್ಲದಿದ್ದರೆ ಆಸ್ಪತ್ರೆ. ಚರ್ಮ ನೀಲಿಗಟ್ಟಿ ತೊಡೆಯ ಕೆಳಗೆ ಇಳಿಯುವುದಕ್ಕೆ ಹೆದರಬೇಕಿಲ್ಲ. ಮಿಡಿಯುವ ಗಂಟು, ಹಿಗ್ಗುತ್ತಿರುವ ಬಾವು ಕಂಡರೆ ಡಾಪ್ಲರ್ ಸ್ಕ್ಯಾನ್ ಬೇಕು. ಸ್ನಾನ ಮಗ್‌ನಿಂದ ಮಾಡಿ. ಕೆರೆ, ಹೊಳೆ, ಪುಣ್ಯಸ್ನಾನ ಗಾಯ ಒಣಗುವ ತನಕ ಬೇಡ.

ಈಗ ವಾಚ್‌ಗೆ ಬರೋಣ. ಅದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ, ಗೊಂದಲ ಹುಟ್ಟುವುದು ಎರಡನ್ನೂ ಒಂದೇ ಎಂದುಕೊಂಡಾಗ. ಹಿಂಬದಿಯ ಹಸಿರು ಬೆಳಕು ಚರ್ಮದಡಿಯ ರಕ್ತದ ಏರಿಳಿತ ನೋಡಿ ಬಡಿತ ಎಣಿಸುತ್ತದೆ. ಎಎಫ್ ಇದ್ದಾಗ ಕೆಲವು ಬಡಿತಗಳು ಮಣಿಕಟ್ಟು ಮುಟ್ಟುವಷ್ಟು ಬಲವಾಗಿರುವುದಿಲ್ಲ, ಹಾಗಾಗಿ ಎದೆಯಲ್ಲಿ 130 ಇದ್ದರೂ ಮಣಿಕಟ್ಟಿನಲ್ಲಿ 95 ಎಂದು ಬರಬಹುದು. ಒಂದು ಬಿಟ್ಟು ಒಂದು ಹೆಚ್ಚುವರಿ ಬಡಿತ ಬೀಳುತ್ತಿದ್ದರೆ 80ರ ಬದಲು 40 ತೋರಿಸಿ ಗಾಬರಿ ಹುಟ್ಟಿಸುತ್ತದೆ. ಎರಡನೆಯದು ಬೆರಳಿಟ್ಟು ತೆಗೆಯುವ 30 ಸೆಕೆಂಡಿನ ಇಸಿಜಿ. ವೈದ್ಯರಿಗೆ ಬೇಕಾದ್ದು ಇದು, ಇದರ ಪಿಡಿಎಫ್. ತೆಗೆಯುವಾಗ ಐದು ನಿಮಿಷ ಕೂತು, ಎರಡೂ ಮುಂಗೈ ಮೇಜಿನ ಮೇಲಿಟ್ಟು, ಪಟ್ಟಿ ಬಿಗಿ ಮಾಡಿ, ಒಣಗಿದ ಬೆರಳಾದರೆ ತುಸು ಒದ್ದೆ ಮಾಡಿ, ಮಾತಾಡದೆ ಇರಿ. ಸ್ಪಷ್ಟವಿಲ್ಲ ಎಂಬ ಉತ್ತರ ಹೆಚ್ಚಿನ ಸಲ ಕೈ ಅಲುಗಾಟದಿಂದ ಬಂದದ್ದೇ ಹೊರತು ಹೃದಯದಿಂದಲ್ಲ.

ಅಬ್ಲೇಶನ್ ಆದವರಿಗೆ ವಾಚ್ ಬೇರೆ ರೀತಿಯಲ್ಲೂ ಮೋಸ ಮಾಡುತ್ತದೆ. ಗಾಯದ ಅಂಚುಗಳ ಸುತ್ತ ವಿದ್ಯುತ್ತು ಗಿರಕಿ ಹೊಡೆಯುವ ಏಟ್ರಿಯಲ್ ಫ್ಲಟರ್ ಎಂಬ ಲಯದೋಷ ಹೊಸದಾಗಿ ಹುಟ್ಟಬಹುದು. ಅದರಲ್ಲಿ ಬಡಿತ ವೇಗವಾಗಿದ್ದರೂ ಕ್ರಮಬದ್ಧ, ಆದ್ದರಿಂದ ವಾಚ್ ಅದನ್ನು ಎಎಫ್ ಎನ್ನದೆ ಸ್ಪಷ್ಟವಿಲ್ಲ ಎನ್ನುತ್ತದೆ ಅಥವಾ ಬರೀ ವೇಗ ಹೆಚ್ಚು ಎನ್ನುತ್ತದೆ. ಗುರುತಿಸುವ ದಾರಿ ಸಂಖ್ಯೆಯಲ್ಲಿದೆ. ಮಾಮೂಲಿ ಹೃದಯದ ವೇಗ ಕೂತರೆ ಇಳಿಯುತ್ತದೆ, ಎದ್ದರೆ ಏರುತ್ತದೆ. ಫ್ಲಟರ್ 120, 130, 150 ಎಂದು ಒಂದೇ ಸಂಖ್ಯೆಗೆ ಅಂಟಿಕೊಂಡು ಮಲಗಿದರೂ ಕದಲುವುದಿಲ್ಲ. ಹಾಗೆ ಒಂದು ಗಂಟೆ ನಿಂತರೆ ವಾಚ್ ಏನೇ ಹೇಳಲಿ, ಆಸ್ಪತ್ರೆಯಲ್ಲಿ 12 ಲೀಡ್‌ನ ಪೂರ್ಣ ಇಸಿಜಿ ತೆಗೆಸಿ.

ಬಿಪಿ ಮೆಷಿನ್ನಿನ ಮಿನುಗು ಗುರುತಿಗೆ ತಲೆಕೆಡಿಸಿಕೊಳ್ಳಬೇಡಿ. ಒಂದೆರಡು ಹೆಚ್ಚುವರಿ ಬಡಿತ ಸಿಕ್ಕರೂ, ತೋಳು ಅಲುಗಿದರೂ ಅದು ಮಿನುಗುತ್ತದೆ. ಮಿನುಗಿದ ದಿನ ಒಂದೊಂದು ನಿಮಿಷ ಬಿಟ್ಟು ಮೂರು ಸಲ ಬಿಪಿ ನೋಡಿ ಸರಾಸರಿ ಬರೆಯಿರಿ, ನಾಡಿಯನ್ನು ಬೆರಳಿನಿಂದಲೇ 30 ಸೆಕೆಂಡು ಹಿಡಿಯಿರಿ. ಒಂದು ತಪ್ಪಿ, ಮುಂದಿನದು ಜೋರಾಗಿ ಬಿದ್ದು, ಮತ್ತೆ ಲಯಕ್ಕೆ ಬಂದರೆ ಹೆಚ್ಚುವರಿ ಬಡಿತ. ಯಾವ ಎರಡು ಬಡಿತದ ಅಂತರವೂ ಒಂದೇ ಇಲ್ಲ ಎನಿಸಿದರೆ ಆಗ ಇಸಿಜಿ ತೆಗೆಯಿರಿ.

ಹಾಗಾದರೆ ಎಷ್ಟು ಸಲ? ಎಂಟು ವಾರ ತುಂಬುವ ತನಕ ಬೆಳಿಗ್ಗೆ ಎದ್ದು ಹಾಸಿಗೆಯಲ್ಲೇ ಕೂತು ಒಂದು, ಆಮೇಲೆ ಡವಡವ, ಸುಸ್ತು, ತಲೆಸುತ್ತು ಬಂದರೆ ಮಾತ್ರ ಇನ್ನೊಂದು. ಆಗ ಎಎಫ್ ಕಂಡರೆ ಒಂದು ಗಂಟೆ ಬಿಟ್ಟು ಮತ್ತೆ, ಮಲಗುವ ಮುನ್ನ ಮತ್ತೆ. ಶುರುವಾದ ಹೊತ್ತು, ಮುಗಿದ ಹೊತ್ತು, ವೇಗ ಮೂರನ್ನು ಬರೆದರೆ ಸಾಕು. ಎಂಟು ವಾರದ ನಂತರ ವಾರಕ್ಕೆ ಎರಡು ದಿನ ಗೊತ್ತು ಮಾಡಿಕೊಂಡು ಒಂದೊಂದು, ಜೊತೆಗೆ ಲಕ್ಷಣ ಕಂಡಾಗ. ಎಎಫ್ 24 ಗಂಟೆ ದಾಟಿದರೆ, ಅಥವಾ ಸುಮ್ಮನಿದ್ದಾಗ 110ಕ್ಕಿಂತ ಮೇಲೆ ಕೆಲವು ಗಂಟೆ ನಿಂತರೆ ಅವತ್ತೇ ವೈದ್ಯರಿಗೆ ಫೋನ್ ಮಾಡಿ. ಬಿಡದೆ ನಿಂತ ಎಎಫ್ ಅನ್ನು ಕಾರ್ಡಿಯೋವರ್ಶನ್ ಎಂಬ ಸಣ್ಣ ಶಾಕ್ ಕೊಟ್ಟು ಬೇಗ ಲಯಕ್ಕೆ ತರುವುದು ಒಳ್ಳೆಯದು. ಮೂರ್ಛೆ, ಎದೆನೋವು, ಉಸಿರುಗಟ್ಟುವಿಕೆ ಜೊತೆಗಿದ್ದರೆ ಯಾವ ಸಂಖ್ಯೆಗೂ ಕಾಯಬೇಡಿ.

ಸೆಟ್ಟಿಂಗ್ ಕೂಡ ಬದಲಿಸಬೇಕು. ಲಯ ತಪ್ಪಿದೆ ಎಂದು ತಾನಾಗಿ ಎಚ್ಚರಿಸುವ ಸೌಲಭ್ಯ ಇರುವುದು ಎಎಫ್ ಇದೆಯೆಂದು ಗೊತ್ತಿಲ್ಲದವರಿಗೆ. ಈಗಾಗಲೇ ಎಎಫ್ ಇರುವವರಿಗೆ ಅದು ಉದ್ದೇಶಿತವಲ್ಲ ಎಂದು ಆಪಲ್ ಕಂಪನಿಯೇ ಹೇಳುತ್ತದೆ. ಅದನ್ನು ಆಫ್ ಮಾಡಿ. ಸುಮ್ಮನಿದ್ದಾಗ 120 ದಾಟಿದರೆ, 40ಕ್ಕಿಂತ ಇಳಿದರೆ ಎಚ್ಚರಿಸುವಂತೆ ಇಡಿ. ಮಗನ ಫೋನಿಗೆ ಹೃದಯದ ಎಚ್ಚರಿಕೆಗಳು ಹೋಗುತ್ತಿದ್ದರೆ ಅದನ್ನೂ ನಿಲ್ಲಿಸಿ. ನಿಮ್ಮ ಹಗಲು ಅವರಿಗೆ ರಾತ್ರಿ. ನಡುರಾತ್ರಿ ಗಾಬರಿಯಾಗಿ ಅವರು ನಿಮಗೆ ಫೋನ್ ಮಾಡಿ, ಆ ಗಾಬರಿಗೆ ನಿಮ್ಮ ಬಡಿತ ಏರಿ, ಮತ್ತೊಂದು ಎಚ್ಚರಿಕೆ ಹೋಗುವುದು ಯಾರಿಗೂ ಬೇಡ. ಭಾನುವಾರಕ್ಕೊಮ್ಮೆ ಬರೆದಿಟ್ಟ ಪಟ್ಟಿ ಕಳಿಸಿ, ಬೀಳುವುದನ್ನು ಗುರುತಿಸುವ ಸೌಲಭ್ಯ ಮಾತ್ರ ಆನ್ ಇರಲಿ.

ಅತಿಯಾಗಿ ನೋಡುವುದರ ಪರಿಣಾಮ ದಾಖಲಾಗಿದೆ. ಎಎಫ್ ಇದ್ದ 70 ವರ್ಷದ ಅಮೆರಿಕದ ಮಹಿಳೆಯೊಬ್ಬರು ಒಂದೇ ವರ್ಷದಲ್ಲಿ ವಾಚ್‌ನಿಂದ 916 ಇಸಿಜಿ ತೆಗೆದು, ಆಸ್ಪತ್ರೆಗೆ ಅಲೆದಲೆದು, ಕೊನೆಗೆ ಆತಂಕದ ಚಿಕಿತ್ಸೆ ಪಡೆಯಬೇಕಾಯಿತು ಎಂದು 2020ರ ವೈದ್ಯಕೀಯ ವರದಿಯೊಂದು ಹೇಳುತ್ತದೆ. ಹಾಗೆಂದು ಮನೆಯವರ ಮಾತಿನಂತೆ ಪೂರ್ತಿ ಬಿಡುವುದಕ್ಕೂ ನನ್ನ ಒಪ್ಪಿಗೆ ಇಲ್ಲ. ಅಬ್ಲೇಶನ್ ಆದ ಮೇಲೆ ಎಎಫ್ ಬಂದರೂ ತಿಳಿಯದೇ ಹೋಗುವುದು ಹೆಚ್ಚುತ್ತದೆ. ಚರ್ಮದಡಿ ಮಾನಿಟರ್ ಇಟ್ಟು 50 ಜನರನ್ನು ಗಮನಿಸಿದ 2013ರ ಅಧ್ಯಯನವೊಂದರಲ್ಲಿ, ಅರಿವಿಗೆ ಬಂದ ಪ್ರತಿ ಒಂದು ಎಎಫ್‌ಗೆ ಅರಿವಿಗೆ ಬಾರದವು ಅಬ್ಲೇಶನ್ನಿಗೆ ಮೊದಲು 1.1 ಇದ್ದದ್ದು ಆಮೇಲೆ 3.7 ಆಯಿತು. ಡವಡವ ಇಲ್ಲ ಅಂದಮಾತ್ರಕ್ಕೆ ಎಎಫ್ ಇಲ್ಲ ಎಂದಾಗುವುದಿಲ್ಲ. ಅದಕ್ಕೇ ವೇಳಾಪಟ್ಟಿಯ ಇಸಿಜಿ, ಅದಕ್ಕೇ ಹೋಲ್ಟರ್, ಅಂದರೆ ಮೈಗೆ ಅಂಟಿಸಿ ಬಿಡದೆ ಇಸಿಜಿ ದಾಖಲಿಸುವ ಯಂತ್ರ.

ಒಂದೇ ಒಂದು ಸಲ ಬಂದರೂ ಸೋಲು ಎಂದು ಎಣಿಸುವ ಅಭ್ಯಾಸವನ್ನೂ ಬಿಡಿ. ಅಧ್ಯಯನಗಳಲ್ಲಿ 30 ಸೆಕೆಂಡಿನ ಎಎಫ್ ಕಂಡರೆ ಮರುಕಳಿಸಿತು ಎಂದು ಬರೆಯುತ್ತಾರೆ, ಅದು ಸಂಶೋಧನೆಯ ಅನುಕೂಲಕ್ಕೆ ಮಾಡಿಕೊಂಡ ಗೆರೆ. ಕೆನಡಾದಲ್ಲಿ 346 ಜನರಿಗೆ ಚರ್ಮದಡಿ ಮಾನಿಟರ್ ಇಟ್ಟು ನೋಡಿದಾಗ ಆ ಗೆರೆಯ ಪ್ರಕಾರ ವರ್ಷದ ಕೊನೆಗೆ ಗೆದ್ದವರು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ. ಆದರೆ ಎಎಫ್‌ನಲ್ಲಿ ಕಳೆಯುತ್ತಿದ್ದ ಒಟ್ಟು ಹೊತ್ತು ಶೇ. 98ಕ್ಕೂ ಹೆಚ್ಚು ಇಳಿದಿತ್ತು. ನೀವು ಹೋಲಿಸಬೇಕಾದ್ದು ಅಬ್ಲೇಶನ್ನಿಗೆ ಮುಂಚಿನ ತಿಂಗಳುಗಳ ಒಟ್ಟು ಗಂಟೆಗಳ ಜೊತೆ ಈಗಿನ ಒಟ್ಟು ಗಂಟೆಗಳನ್ನು.

ಎಪಿಕ್ಸಬಾನ್ ಬಗ್ಗೆ. ಮೊದಲ ಎರಡರಿಂದ ಮೂರು ತಿಂಗಳು ಎಲ್ಲರಿಗೂ ಕಡ್ಡಾಯ, ಏಕೆಂದರೆ ಹಸಿ ಗಾಯದ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಆಮೇಲಿನದು ವಾಚ್ ತೋರಿಸುವ ಲಯದ ಮೇಲಲ್ಲ, ಲಕ್ವದ ಅಪಾಯದ ಅಂಕದ ಮೇಲೆ ನಿಲ್ಲುತ್ತದೆ. ನಿಮಗೆ ಬಿಪಿಗೆ ಒಂದು, ಶುಗರ್‌ಗೆ ಒಂದು, ಒಟ್ಟು ಎರಡು ಅಂಕ. 65 ತುಂಬಿದಾಗ ಇನ್ನೊಂದು. ಯುರೋಪಿನ 2024ರ ಮಾರ್ಗಸೂಚಿಯಂತೆ ಎರಡು ಅಂಕದವರು ಅಬ್ಲೇಶನ್ ಗೆದ್ದರೂ ಮಾತ್ರೆ ಮುಂದುವರಿಸಬೇಕು. 2025ರಲ್ಲಿ ದಕ್ಷಿಣ ಕೊರಿಯಾದ 840 ಜನರ ಪ್ರಯೋಗವೊಂದು, ಕನಿಷ್ಠ ಒಂದು ವರ್ಷ ಎಎಫ್ ಮರಳದವರಲ್ಲಿ ನಿಲ್ಲಿಸಿದರೂ ಲಕ್ವ ಹೆಚ್ಚಲಿಲ್ಲ, ರಕ್ತಸ್ರಾವ ಕಡಿಮೆಯಾಯಿತು ಎಂದು ತೋರಿಸಿದೆ. ಹಾಗಾಗಿ ವರ್ಷ ಕಳೆದ ಮೇಲೆ, ಹೋಲ್ಟರ್ ಸ್ವಚ್ಛವಿದ್ದರೆ ನಿಮ್ಮ ವೈದ್ಯರ ಜೊತೆ ಈ ಮಾತು ಎತ್ತಬಹುದು. ಅಲ್ಲಿಯವರೆಗೆ ಹನ್ನೆರಡು ಗಂಟೆಗೊಂದು. ಮರೆತು ಆರು ಗಂಟೆಯೊಳಗೆ ನೆನಪಾದರೆ ನುಂಗಿ, ದಾಟಿದರೆ ಅದನ್ನು ಬಿಟ್ಟು ಮುಂದಿನದನ್ನು ಹೊತ್ತಿಗೆ ತೆಗೆದುಕೊಳ್ಳಿ, ಎರಡು ಒಟ್ಟಿಗೆ ಬೇಡ. ಹಲ್ಲು ಕೀಳಿಸಲು ಹೋದರೆ ನೀವೇ ನಿಲ್ಲಿಸಿಕೊಂಡು ಹೋಗಬೇಡಿ, ಮೊದಲು ಕೇಳಿ. ಎಪಿಕ್ಸಬಾನ್ ಬದಲು ರಿವರೊಕ್ಸಬಾನ್ 15 ಅಥವಾ 20 ಮಿಲಿಗ್ರಾಂ ತೆಗೆದುಕೊಳ್ಳುವವರು ಹೊಟ್ಟೆ ತುಂಬ ಊಟದ ಜೊತೆಗೇ ನುಂಗಬೇಕು, ಏಕಾದಶಿಯ ಉಪವಾಸದ ದಿನ ಬರೀ ಹಣ್ಣು ತಿಂದು ನುಂಗಿದರೆ ಪೂರ್ತಿ ಹೀರಿಕೆಯಾಗುವುದಿಲ್ಲ. ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾದವರು ಅಥವಾ ಲೋಹದ ಕವಾಟ ಹಾಕಿಸಿಕೊಂಡವರು ಇದ್ಯಾವುದನ್ನೂ ತಮಗೆ ಅನ್ವಯಿಸಿಕೊಳ್ಳಬಾರದು, ಅವರ ಮಾತ್ರೆ ಬೇರೆ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಐಎನ್‌ಆರ್ ಲೆಕ್ಕವೂ ಬೇರೆ.

ರಾತ್ರಿ ಊಟದ ಮೇಲೆ ಬಂತು ಎಂದಿದ್ದೀರಿ. ಭಾರಿ ಊಟ, ತಕ್ಷಣ ಮಲಗುವುದು ಎರಡೂ ಪ್ರಚೋದಕಗಳೇ. ಏಳೂವರೆಯೊಳಗೆ ಹಗುರ ಊಟ ಮಾಡಿ ನೋಡಿ. ಮದ್ಯವಿದ್ದರೆ ಬಿಡುವುದು ಲಾಭ: ಆಸ್ಟ್ರೇಲಿಯಾದ 140 ಜನರ ಪ್ರಯೋಗದಲ್ಲಿ ಬಿಟ್ಟವರಲ್ಲಿ ಶೇ. 53, ಬಿಡದವರಲ್ಲಿ ಶೇ. 73 ಜನರಿಗೆ ಎಎಫ್ ಮರಳಿತು. ಕಾಫಿ ಬಿಡಬೇಕಿಲ್ಲ. ಜೋರು ಗೊರಕೆ, ಹಗಲು ತೂಕಡಿಕೆ ಇದ್ದರೆ ನಿದ್ರೆಯ ಪರೀಕ್ಷೆ ಮಾಡಿಸಿ. ಹೆಚ್ಚು ತೂಕವಿದ್ದರೆ ಶೇ. 10ರಷ್ಟು ಇಳಿಸುವ ಗುರಿಯಿಡಿ. ಇವೆರಡನ್ನು ಸರಿಪಡಿಸದೆ ಎರಡನೇ ಅಬ್ಲೇಶನ್ನಿಗೆ ಹೋಗುವವರು ಬಹಳ ಜನ.

ಮೂರನೇ ತಿಂಗಳ ಭೇಟಿಗೆ ಹೋಗುವಾಗ ಫೋನ್ ತುಂಬ ನೂರಾರು ಇಸಿಜಿ ಒಯ್ಯಬೇಡಿ. ಎಎಫ್ ಬಂದ ದಿನ, ಹೊತ್ತು, ಎಷ್ಟು ಗಂಟೆ ಎಂಬ ಒಂದು ಪುಟದ ಪಟ್ಟಿ, ಅತಿ ಸ್ಪಷ್ಟವಾದ ಎರಡು ಮೂರು ಪಿಡಿಎಫ್ ಪ್ರಿಂಟು, ಬಿಪಿಯ ಎರಡು ವಾರದ ಲೆಕ್ಕ, ಈಗ ನುಂಗುವ ಎಲ್ಲ ಮಾತ್ರೆ, ಕಷಾಯಗಳ ಹೆಸರು, ಇತ್ತೀಚಿನ ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ) ವರದಿ. ಅಲ್ಲಿ ಮೂರು ಪ್ರಶ್ನೆ ಕೇಳಿ: ಲಯದ ಮಾತ್ರೆ ಇದ್ದರೆ ಯಾವಾಗ ನಿಲ್ಲಿಸುತ್ತೀರಿ, ನಿಲ್ಲಿಸಿದ ಮೇಲೆ ಹೋಲ್ಟರ್ ಯಾವಾಗ, ಅದು 24 ಗಂಟೆಯದೋ ಏಳು ದಿನದ್ದೋ. ಏಳು ದಿನದ್ದು ಸಿಗುವಂತಿದ್ದರೆ ಅದನ್ನೇ ಕೇಳಿ ಪಡೆಯಿರಿ. ಅಮಿಯೊಡರೋನ್ ಇದ್ದವರಿಗೆ ನಿಲ್ಲಿಸಿದ ಎರಡು ತಿಂಗಳಾದರೂ ಅದರ ಪ್ರಭಾವ ಉಳಿದಿರುತ್ತದೆ, ಹೋಲ್ಟರ್ ಅದಾದ ಮೇಲೇ ಇರಲಿ.